ಕೆರೆದೆನೋ ಇಲ್ಲವೋ

ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ ಅನುಮಾನ ಚಹಾ ಮುಗಿದರೂ ಬಿಟ್ಟಿರಲಿಲ್ಲ. ಗಿಡ್ಡಿಯ ಡ್ರೈವರಿಗೆ ಹೊಸ ಶಾಫ್ಟು ಕೂರಿಸುವ ಮೊದಲು ಅದರ ತುದಿಯ ಬಣ್ಣ ಕೆರೆದಿದ್ದೆನೋ ಇಲ್ಲವೋ?

ಡ್ರೈವರ್ ಎಂದರೆ ಗಾಲ್ಫ್ ಆಟದಲ್ಲಿ ಚೆಂಡನ್ನು ಎಲ್ಲಕ್ಕಿಂತ ದೂರ ಹೊಡೆಯುವ ಕೋಲು. ಶಾಫ್ಟು ಎಂಬ ಉದ್ದನೆಯ ದಂಡ, ಅದರ ತುದಿಗೆ ಮುಷ್ಟಿಗಿಂತ ದೊಡ್ಡ ಟೊಳ್ಳು ತಲೆ. ಎರಡನ್ನೂ ಹಿಡಿದಿಡುವುದು ಅಂಟು ಮಾತ್ರ. ತುದಿಯ ನುಣುಪು ಬಣ್ಣವನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ತೆಗೆಯದಿದ್ದರೆ ಅಂಟು ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಶಾಫ್ಟನ್ನಲ್ಲ. ಬಣ್ಣ ಎದ್ದ ದಿನ ತಲೆ ಹಾರುತ್ತದೆ. ಯಾರ ಕಡೆಗೆ ಎಂದು ಹೇಳಲಾಗದು.

ಗಿಡ್ಡಿ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವವರ ಮಗಳು. ಅವಳ ಡ್ರೈವರು ಯಾರೋ ಎತ್ತರದ ಗಂಡಸು ಆಡಿ ಬಿಟ್ಟದ್ದು. ಶಾಫ್ಟು ಅವಳಿಗೆ ಭಾರ, ಗಡುಸು. ಇವತ್ತು ಮೈದಾನದ ತಂಡಕ್ಕೆ ಆಯ್ಕೆ, ಇರುವುದು ಒಂದೇ ಜಾಗ. ಅದಕ್ಕೆಂದೇ ಹಗುರವಾದದ್ದನ್ನು ಹಾಕಿಸಲು ನಮ್ಮ ರಿಪೇರಿ ಅಂಗಡಿಗೆ ತಂದಿದ್ದಳು. ಮಾವನವರ ಕೈ ಈಚೆಗೆ ನಡುಗುತ್ತದೆ, ಹಾಗಾಗಿ ಅಂಟಿನ ಕೆಲಸವೆಲ್ಲ ನನ್ನದು.

ಅಂಟು ಸಡಿಲಿಸಲು ತಲೆಯ ಕುತ್ತಿಗೆ, ಎಂದರೆ ಶಾಫ್ಟು ಕೂರುವ ಕೊಳವೆ, ಬಿಸಿ ಮಾಡಿದ್ದು ನೆನಪಿದೆ. ಹಳೆಯ ಶಾಫ್ಟನ್ನು ನೇರಕ್ಕೆ ಎಳೆದು ತೆಗೆದದ್ದು, ಒಳಗಿನ ಹಳೆ ಅಂಟು ಬಿಡಿಸಿದ್ದು ನೆನಪಿದೆ. ಅಷ್ಟರಲ್ಲಿ ಗ್ಯಾಸ್ ಮುಗಿಯಿತೆಂದು ಅತ್ತೆ ಒಳಗಿಂದ ಕರೆದರು. ಸಿಲಿಂಡರ್ ಬದಲಿಸಿ ಬಂದೆ. ಆಮೇಲೆ ಅಂಟು ಕಲಸಿದ್ದು ನೆನಪಿದೆ. ನಡುವಿನದು ಖಾಲಿ.

ಮಾವನವರು ಕೆಲಸದ ಮೇಜು ಗುಡಿಸುತ್ತಿರಲಿಲ್ಲ. ಕೋಲು ಗಿರಾಕಿಯ ಕೈ ಸೇರುವವರೆಗೆ ಕೆರೆದ ಪುಡಿ ಮೇಜಿನ ಮೇಲೇ ಬಿದ್ದಿರಬೇಕು, ಅದೇ ಸಾಕ್ಷಿ ಎನ್ನುತ್ತಿದ್ದರು. ನನಗೋ ಆ ಪುಡಿ ಕಂಡರಾಗದು. ಅಂಟು ಹಾಕಿದ ದಿನವೇ ಒದ್ದೆ ಬಟ್ಟೆಯಲ್ಲಿ ಒರೆಸಿ ಮೇಜನ್ನು ಕನ್ನಡಿ ಮಾಡಿಟ್ಟಿದ್ದೆ. ಕಸದ ಗಾಡಿಯೂ ಬಂದು ಹೋಗಿತ್ತು. ಹಿಂದಿನ ಸಂಜೆ ಗಿಡ್ಡಿ ಡ್ರೈವರನ್ನು ಒಯ್ದೂ ಆಗಿತ್ತು.

ಮಾವನಿಗೆ ಹೇಳಿದೆ, ಮೈದಾನಕ್ಕೆ ಹೋಗಿ ಗಿಡ್ಡಿಗೂ ಹೇಳಲೇ ಎಂದು ಕೇಳಿದೆ. ಅವರು ಪತ್ರಿಕೆಯಿಂದ ಮುಖ ಎತ್ತಲಿಲ್ಲ. ಹಾಕಿದ ಬೀಗವನ್ನು ಹಿಂದಿರುಗಿ ಬಂದು ಎಳೆದು ನೋಡುವವಳು ನೀನು, ಕೆರೆದಿರುತ್ತೀಯ ಎಂದರು. ವೈಸಿನ ಇಕ್ಕಳಕ್ಕೆ ಸಿಕ್ಕಿಸಿ ತಿರುಚಿ ನೋಡಿದೆಯಲ್ಲ ಎಂದು ಕೇಳಿದರು. ನೋಡಿದ್ದೆ, ಅಲ್ಲಾಡಿರಲಿಲ್ಲ. ಆದರೆ ತಿರುಚುವುದೇ ಬೇರೆ, ಬೀಸುವುದೇ ಬೇರೆ ಎಂದು ಕಲಿಸಿದವರೂ ಅವರೇ. ಅದನ್ನೇ ಅವರಿಗೆ ಒಪ್ಪಿಸಿದೆ.

ಆಗ ಪತ್ರಿಕೆ ಮಡಿಸಿದರು. "ಹೋಗೋದಾದ್ರೆ ಹೋಗಮ್ಮ. ಆದ್ರೆ ತಿಳ್ಕೊ. ಅಂಟು ಬಿಟ್ರೆ ಮತ್ತೆ ಹಾಕ್ಬಹುದು. ಆಡೋರ ಮನಸ್ಸಿಗೆ ಅನುಮಾನ ಹೊಕ್ರೆ, ಅದನ್ನ ತೆಗೆಯೋ ಸಾಮಾನು ನಮ್ಮಂಗಡೀಲಿಲ್ಲ."

ದಾರಿಯಲ್ಲಿ ಅದೇ ಮಾತು ಕಾಲಿಗೆ ತೊಡರಿತು. ಹೇಳಿದರೆ ಹುಡುಗಿಯ ಆಟ ಕೆಡುತ್ತದೆ, ಹೇಳದಿದ್ದರೆ ಯಾರದೋ ಹಣೆ ಒಡೆಯುತ್ತದೆ. ತಿರುವಿನವರೆಗೆ ಹೋಗಿ ಹಿಂದಿರುಗಿದೆ, ಮತ್ತೆ ಹೊರಟೆ.

ಅಭ್ಯಾಸದ ಜಾಗದಲ್ಲಿ ಗಿಡ್ಡಿ ಇನ್ನೂ ಚಿಕ್ಕ ಕೋಲುಗಳಿಂದ ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು. ಡ್ರೈವರು ಚೀಲದಲ್ಲಿತ್ತು, ಹಿಂದಿನ ಸಂಜೆ ಒಯ್ಯುವಾಗಲೇ ಕತ್ತಲಾಗಿದ್ದರಿಂದ ಹೊಡೆದು ನೋಡಿರಲಿಲ್ಲವಂತೆ. ಅವಳನ್ನೂ ಅವಳ ಅಪ್ಪನನ್ನೂ ಪಕ್ಕಕ್ಕೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಿಚ್ಚಿ ಅಂಟಿಸಿದರೆ ಒಣಗಲು ಒಂದು ರಾತ್ರಿ ಬೇಕು, ಬೇರೆ ಡ್ರೈವರ್ ಇದೆಯೇ ಎಂದು ಕೇಳಿದೆ. ಇರಲಿಲ್ಲ.

ಅವಳು ಡ್ರೈವರನ್ನು ಹೊರತೆಗೆದು ಗಾಳಿಯಲ್ಲಿ ಬೀಸಿದಳು. ಸುಯ್ ಎನ್ನಬೇಕಾದ ಬೀಸು ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಎತ್ತಿದಳು, ಮತ್ತೆ ನಿಂತಿತು. ಮಾವ ಹೇಳಿದ್ದು ನನ್ನ ಕಣ್ಣೆದುರಿಗೇ ಆಗುತ್ತಿತ್ತು.

"ಇದನ್ನ ನಾಳೆ ಹೇಳ್ಬಾರ್ದಿತ್ತಾ ಅಕ್ಕ?"

ಅವಳ ಅಪ್ಪ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ನಿಮ್ಮ ಅನುಮಾನಕ್ಕೆ ನನ್ನ ಮಗಳಿಗೆ ಶಿಕ್ಷೆಯೇ ಎಂದು ಗೊಣಗಿದರು. ನಾನು ಗಿಡ್ಡಿಯ ಕಡೆಗೆ ಕೈ ಚಾಚಿದೆ.

"ಕೊಡು ಇಲ್ಲಿ," ಎಂದೆ. "ನಾನು ಹೊಡೀತೀನಿ."

ಅದುವರೆಗೆ ನಾನು ಒಂದು ಚೆಂಡನ್ನೂ ಹೊಡೆದವಳಲ್ಲ. ಜನರಿಂದ ದೂರ, ಹೊಡೆಯುವವರ ಸಾಲಿನ ಕೊನೆಗೆ ಹೋದೆ. ಯಾರೂ ಹತ್ತಿರ ಬರಬಾರದೆಂದೆ. ಕುತ್ತಿಗೆಯ ಜೋಡಣೆಯ ಮೇಲಿಂದ ಶಾಫ್ಟಿಗೂ ಹಾಯುವಂತೆ ಪೆನ್ನಿನಲ್ಲಿ ಒಂದು ಗೆರೆ ಎಳೆದೆ. ತಲೆ ಚೂರು ಸರಿದರೂ ಗೆರೆ ಮುರಿಯಬೇಕು. ಮೊದಲ ಏಟು ಗಾಳಿಗೆ. ಎರಡನೆಯದು ನೆಲಕ್ಕೆ ಬಿದ್ದು ಮೊಣಕೈವರೆಗೆ ಝುಮ್ಮೆಂದಿತು. ಮುಂದಿನದರಲ್ಲಿ ಚೆಂಡು ಆಮೆಯ ಹಾಗೆ ಉರುಳಿತು. ಬಿಡದೆ ಹೊಡೆದೆ. ಅಂಟಿಗೆ ಚೆಂಡಿಗಿಂತ ನೆಲದ ಪೆಟ್ಟೇ ಕಠಿಣ, ಆ ಪೆಟ್ಟು ನನಗೆ ಕಲಿಯದೆಯೇ ಬರುತ್ತಿತ್ತು.

"ಆ ಹುಲ್ಲು ನಾನು ಸಾಕಿದ್ದು ಕಣಮ್ಮ," ಎಂದರು ಗಿಡ್ಡಿಯ ಅಪ್ಪ. "ಬಿತ್ತನೆಗೆ ಸ್ವಲ್ಪ ಉಳಿಸಿ."

ಗಿಡ್ಡಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡೇ ಬಂದು ಗೆರೆ ನೋಡಿದಳು. ಮುರಿದಿರಲಿಲ್ಲ. "ಸಾಕು ಬಿಡಿ ಅಕ್ಕ. ನಿಮ್ಮ ಹೊಡೆತ ತಡ್ಕೊಂಡಿದ್ದು ನನ್ನ ಹೊಡೆತಕ್ಕೆ ಬಿಡುತ್ತಾ?" ಎಂದು ಕೋಲು ಕಸಿದುಕೊಂಡು ತಾನೂ ಕೆಲವು ಹೊಡೆದಳು. ಬೀಸು ಎಲ್ಲೂ ನಿಲ್ಲಲಿಲ್ಲ. ಆಟ ಮುಗಿದ ಕೂಡಲೇ ಅಂಗಡಿಗೆ ತಾ, ಬಿಚ್ಚಿ ನೋಡಿ ಹೊಸದಾಗಿ ಅಂಟಿಸುತ್ತೇನೆ ಎಂದೆ. ಕೇಳಿಸಿತೋ ಇಲ್ಲವೋ, ಅವಳ ಹೆಸರು ಕೂಗಿದರು.

ಆಟ ಶುರುವಾಗುವ ಕಟ್ಟೆಯ ಬಳಿ ನಿಂತಿದ್ದವರನ್ನೆಲ್ಲ ಅವಳ ಬೆನ್ನ ಹಿಂದೆ, ಆದಷ್ಟು ದೂರಕ್ಕೆ ಸರಿಸಿದೆ. ಆಯ್ಕೆಯವರಲ್ಲೊಬ್ಬರು ನೀವ್ಯಾರು ಎಂದರು. ಕೋಲು ರಿಪೇರಿಯವಳು ಎಂದೆ. ಅಷ್ಟಕ್ಕೇ ಅವರೂ ಎರಡು ಹೆಜ್ಜೆ ಸರಿದರು.

ಗಿಡ್ಡಿ ಎತ್ತಿದಳು, ಬೀಸಿದಳು. ಠಣ್ ಎಂದಿತು. ಎಲ್ಲರ ಮುಖವೂ ಚೆಂಡಿನ ಹಿಂದೆ ಆಕಾಶಕ್ಕೆ ಹೋಯಿತು. ನಾನು ಅವಳ ಹೆಗಲ ಮೇಲೆ ಬಂದು ನಿಂತ ಡ್ರೈವರಿನ ತಲೆಯನ್ನೇ ನೋಡುತ್ತಿದ್ದೆ. ಇದ್ದಲ್ಲೇ ಇತ್ತು.

ಚೆಂಡು ಎಲ್ಲಿಗೆ ಹೋಯಿತೆಂದು ಅವಳ ಅಪ್ಪನನ್ನು ಕೇಳಿದೆ. ನಡುಮಧ್ಯಕ್ಕೆ, ಅಷ್ಟು ದೂರ ಅವಳು ಎಂದೂ ಹೊಡೆದಿರಲಿಲ್ಲ ಎಂದರು. ಟೊಪ್ಪಿ ಮತ್ತೆ ಅವರ ಕೈಗೆ ಬಂದಿತ್ತು. ಅವರು ಮಗಳ ಹಿಂದೆ ಹೊರಟರು. ಡ್ರೈವರು ಎತ್ತುವ ಸರದಿಗಳು ಇನ್ನೂ ಬೇಕಾದಷ್ಟಿದ್ದವು. ಅಂಗಡಿ ತೆರೆಯುವ ಹೊತ್ತು ಮೀರಿತ್ತು, ಆದರೂ ನಾನು ನೋಡುವವರಿಗೆಂದು ಕಟ್ಟಿದ್ದ ಹಗ್ಗದಾಚೆಯಿಂದ ಅವರ ಜೊತೆಗೇ ನಡೆದೆ.