ಕರಪತ್ರದ ನಳ

ಮೂರನೆಯ ಕೊಡ ಅರ್ಧವಾಗುವಷ್ಟರಲ್ಲಿ ನಳದ ಧಾರೆ ಸಣ್ಣಗಾಯಿತು. ನಿಂಬೆವ್ವ ಕೊಡವನ್ನು ಓರೆ ಮಾಡಿ ಹಿಡಿದು, ಅದು ತುಂಬುವ ತನಕ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಎರಡು ಕೊಡ ಆಗಲೇ ಕೆಳಗಿನ ಓಣಿಗೆ ಹೋಗಿದ್ದವು. ರುಕ್ಮಿಣಿಬಾಯಿಯ ಕೊನೆಯ ಸ್ನಾನಕ್ಕೆ ಇನ್ನೊಂದು ಬೇಕೆಂದು ಹೆಂಗಸರು ಹೇಳಿ ಕಳಿಸಿದ್ದರು.

ಮಗ ಶ್ರೀಮಂತ ಬೈಕಿನ ಮೇಲೆ ಕೂತಲ್ಲಿಂದಲೇ ಕಿವಿಯ ಫೋನು ಇಳಿಸಿದ.

"ಅವ್ವಾ, ಈ ವಯಸ್ಸಿನ್ಯಾಗ ನೀ ಯಾಕ ಹೊರಾಕತ್ತಿ? ಮಂದಿ ನೋಡಿದ್ರ ಏನಂತಾರ?"

"ಏನಂತಾರ? ಆ ಓಣ್ಯಾಗ ನೀರಿಲ್ಲ ಅಂತಾರ."

ಅವನು ಮತ್ತೆ ಫೋನು ಕಿವಿಗಿಟ್ಟುಕೊಂಡ. ಊರಲ್ಲಿ ಪಕ್ಷದ ಮುಖಂಡರ ಕೆಲಸ ನೋಡಿಕೊಳ್ಳುವವನು ಅವನೇ. ನಿಂಬೆವ್ವ ಸಿಂಬೆ ಸುತ್ತಿ ಕೊಡ ಎತ್ತಿಕೊಂಡಳು.

ಹಿಂದಿನ ದಿನ ಮಧ್ಯಾಹ್ನ ರುಕ್ಮಿಣಿಬಾಯಿ ಹೊಲದ ಬೋರಿನಿಂದ ನೀರು ತರುತ್ತಿದ್ದಳು. ದಾರಿಯಲ್ಲಿ ಕೊಡ ಇಳಿಸಿ ಕೂತವಳು ಏಳಲಿಲ್ಲ. ಎದೆ ನಿಂತಿತೆಂದರು ಡಾಕ್ಟರು. ನೋಡಿದವರು ಹೇಳಿದ್ದು ಕೊಡದ ಮಾತು: ತುಂಬಿದ್ದು ತುಂಬಿದ ಹಾಗೆಯೇ ಇತ್ತಂತೆ, ಒಂದು ಹನಿ ಚೆಲ್ಲಿರಲಿಲ್ಲವಂತೆ.

ಕೆಳಗಿನ ಓಣಿಯಲ್ಲಿ ರುಕ್ಮಿಣಿಬಾಯಿಯ ಮನೆ ಮುಂದೆ ಪೈಪೊಂದು ನೆಟ್ಟಗೆ ನಿಂತಿದೆ. ತುದಿಗೆ ಹಿತ್ತಾಳೆಯ ನಳ. ಎರಡು ವರ್ಷದಿಂದ ಅದಕ್ಕಿದ್ದ ಕೆಲಸ ಒಂದೇ, ಆಡು ಕಟ್ಟುವುದು. ಅಂದೂ ಆಡು ಅಲ್ಲೇ ಇತ್ತು.

ಒಳಗೆ ಮೊಮ್ಮಗಳು ಮೈತ್ರಿ ಪೆಟ್ಟಿಗೆ ಕೆದಕುತ್ತಿದ್ದಳು. ಕಲಬುರಗಿಯಲ್ಲಿ ನರ್ಸು, ಮೊದಲ ಬಸ್ಸಿಗೆ ಬಂದಿದ್ದಳು. ತಲೆದೆಸೆಗೆ ಇಡಲು ಫೋಟೋ ಬೇಕಿತ್ತು.

"ನಿಂಬೆವ್ವಾಯಿ, ಒಂದು ಫೋಟೋನೂ ಇಲ್ರಿ. ನಾ ಮೊಬೈಲ್ ಎತ್ತಿದ್ರ ಸಾಕು, ಆಯಿ ಸೆರಗು ಮಾರಿಗೆ ಎಳಕೋತಿದ್ಳು. ಆಧಾರ್ ಕಾರ್ಡಿಂದು ಬರೇ ಕರ್ರಗ ಅದ. ಆ ಚುನಾವಣಿ ಕರಪತ್ರದಾಗ ಆಯಿ ಫೋಟೋ ಒಂದಿತ್ತು, ಅದು ಅರ್ಜಿ ಜೋಡಿ ಜಡ್ಜ್ ಸಾಹೇಬ್ರಿಗೆ ಹೋತು."

ನಿಂಬೆವ್ವ "ಹೂಂ" ಎಂದಳು. ಕೊಡ ಇಳಿಸಿ ಸಿಂಬೆ ಬಿಚ್ಚಿದಳು. ಕರಪತ್ರವೂ ಅರ್ಜಿಯೂ ಆಕೆಯ ಟ್ರಂಕಿನಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ ಇದ್ದವು.

*

ಚುನಾವಣೆಗೆ ಮೂರು ವಾರವಿದ್ದಾಗ ಮುಖಂಡರ ಕಡೆಯವರು ಜೀಪಿನಲ್ಲಿ ಬಂದಿದ್ದರು. ಶ್ರೀಮಂತನೇ ಗುದ್ದಲಿ ಹಿಡಿದು ಮೊಳದಷ್ಟು ತೋಡಿ, ಪೈಪು ನಿಲ್ಲಿಸಿ, ನಳ ತಿರುವಿದ. ಗೋಡೆಯಾಚೆ ಒಬ್ಬ ಕ್ಯಾನು ಎತ್ತಿ ಹಿಡಿದು ರಬ್ಬರ್ ಕೊಳವೆಯಲ್ಲಿ ಪೈಪಿಗೆ ನೀರು ಬಿಟ್ಟ. ಫೋಟೋಕ್ಕೆ ಕೊಡ ಹಿಡಿದು ನಗು ಎಂದರು. ನಾಳೆಯಿಂದ ನೀರು ಬರುತ್ತದೆಂದು ತಿಳಿದು ರುಕ್ಮಿಣಿಬಾಯಿ ಮನಸಾರೆ ನಕ್ಕಳು. ಮನೆಯಲ್ಲಿ ಉಳಿದಿದ್ದ ನೀರಲ್ಲಿ ಅವರಿಗೆಲ್ಲ ಚಹಾ ಮಾಡಿಕೊಟ್ಟಳು.

ವಾರದ ಮೇಲೆ ಕರಪತ್ರ ಬಂತು. ಆ ನಗುವಿನ ಕೆಳಗೆ ದಪ್ಪಕ್ಷರದಲ್ಲಿ, ಈ ಓಣಿಯ ಮನೆಮನೆಗೂ ನೀರು ಕೊಟ್ಟಿದ್ದೇವೆ ಎಂದಿತ್ತು. ಮುಖಂಡರು ಗೆದ್ದರು. ಓಣಿಗೆ ಬರುತ್ತಿದ್ದ ಟ್ಯಾಂಕರು ನಿಂತಿತು. ಕೇಳಲು ಹೋದವರ ಮುಂದೆ ಅದೇ ಕರಪತ್ರ ಹಿಡಿದರು. ನಿಮ್ಮ ಓಣಿಯವಳೇ ಅಲ್ಲವೇ, ನಗುತ್ತಿದ್ದಾಳಲ್ಲ ಎಂದರು.

ಬೋರಿನ ದಾರಿಯಲ್ಲಿ ಹೆಂಗಸರು ಆಕೆಯನ್ನು ಬಿಡಲಿಲ್ಲ. ಒಬ್ಬಳಂತೂ ಮುಖಕ್ಕೇ ಅಂದಳು: "ನಿನ್ನ ನಗಿ ನಮ್ಮ ನೀರು ಕುಡೀತು ಬೇ."

ಅಂದಿನಿಂದ ರುಕ್ಮಿಣಿಬಾಯಿ ಫೋಟೋಕ್ಕೆ ಮುಖ ಕೊಡಲಿಲ್ಲ.

*

ಹೊರಗೆ ಟಾರ್ಪಲ್ಲಿನ ನೆರಳಲ್ಲಿ ಗಂಡಸರ ಮಾತು ಏರಿತ್ತು. ಇಂಥವರನ್ನು ಕೋರ್ಟಿಗೆ ಎಳೆಯಬೇಕು, ಸುಳ್ಳು ಅಚ್ಚು ಹಾಕಿ ವೋಟು ಪಡೆದವರಿಗೆ ಜೇಲಾಗಬೇಕು ಎಂದು ಓಣಿಯ ಹುಡುಗ ಪ್ರಬುದ್ಧ ಹಲ್ಲು ಕಡಿಯುತ್ತಿದ್ದ. ನಿವೃತ್ತ ಮಾಸ್ತರ ದೇವೀಂದ್ರಪ್ಪ ತಲೆ ಅಲ್ಲಾಡಿಸಿದರು.

"ಅಂಥಾ ಕಾಯ್ದೆ ಬಂದ್ರ ಅದರ ಕೀಲಿ ಯಾರ ಕೈಯಾಗ ಇರ್ತದ ತಮ್ಮಾ? ಅವರ ಕೈಯಾಗೇ. ನಾಳೆ ನೀ ಸಭಾದಾಗ ಒಂದು ಮಾತು ತಪ್ಪಿ ಆಡಿದಿ ಅಂತ ನಿನ್ನೇ ಮೊದಲ ಒಳಗ ಹಾಕ್ತಾರ."

"ಹಾಕಲ್ರಿ. ನನ್ನ ಮಾತಿಗೆ ಯಾರ ಟ್ಯಾಂಕರ್ ನಿಂತದ?"

ಅಷ್ಟರಲ್ಲಿ ಶ್ರೀಮಂತ ಬಂದು, ಮುಖಂಡ ಸಾಹೇಬರಿಗೆ ಬರಲಾಗಲಿಲ್ಲ, ಫೋನಿನಲ್ಲೇ ಎರಡು ಮಾತಾಡುತ್ತಾರೆಂದು ಸ್ಪೀಕರ್ ಹಾಕಿ ಎಲ್ಲರ ನಡುವೆ ಹಿಡಿದ.

"ಭಾಳ ದುಃಖ ಆತು. ನಮ್ಮ ನೀರಿನ ತಾಯಿ ಆಕಿ. ನಾವು ಕೊಟ್ಟ ನಳದ ನೀರು ಎರಡು ವರ್ಷನಾದ್ರೂ ಕುಡಿದು ಹೋದ್ಳಲ್ಲ, ಅದೊಂದು ಸಮಾಧಾನ."

ಆಡು ಹಗ್ಗ ಜಗ್ಗಿತು. ನಳ ಪೈಪಿನ ಸಮೇತ ಅಲುಗಾಡಿತು.

ಸ್ನಾನ ಮುಗಿದು, ಬಿಳಿ ಬಟ್ಟೆ ಹೊದಿಸಿ, ಬುದ್ಧನ ಮುಂದೆ ಮೇಣದ ಬತ್ತಿ ಹಚ್ಚಿದರು. ದೇವೀಂದ್ರಪ್ಪ ಪಂಚಶೀಲ ಹೇಳಿಕೊಟ್ಟರು, ಓಣಿಯವರು ದನಿಗೂಡಿಸಿದರು. ಆ ಪಾಲಿ ಮಾತು ನಿಂಬೆವ್ವನಿಗೆ ತಿಳಿಯದು. ಆದರೆ ನಾಲ್ಕನೆಯದರ ಅರ್ಥವನ್ನು ರುಕ್ಮಿಣಿಬಾಯಿ ಎಂದೋ ಬಿಡಿಸಿ ಹೇಳಿದ್ದಳು: ಸುಳ್ಳಾಡುವುದಿಲ್ಲ. ನಾಲ್ಕನೆಯದು ಬಂದಾಗ ನಿಂಬೆವ್ವ ಬಾಯಿಗೆ ಸೆರಗು ಒತ್ತಿ ಹಿಡಿದಳು.

*

ನಿಂಬೆವ್ವ, ರುಕ್ಮಿಣಿಬಾಯಿ ಇಬ್ಬರೂ ರಾತ್ರಿ ಶಾಲೆಯ ಒಂದೇ ಚಾಪೆಯ ಮೇಲೆ ಅಕ್ಷರ ಕಲಿತವರು. ಕೂಲಿಯಿಂದ ದಣಿದು ಬರುತ್ತಿದ್ದ ರುಕ್ಮಿಣಿಬಾಯಿ ತನ್ನ ಹೆಸರಿನ ಆಚೆ ಹೋಗಲಿಲ್ಲ. ಹಾಗಾಗಿ ಜಡ್ಜರಿಗೆ ಅರ್ಜಿ ಬರೆಯುವ ಕೆಲಸ ನಿಂಬೆವ್ವನ ಪಾಲಿಗೆ ಬಂತು.

"ಕೊಡ್ತೇನಿ ಅಂತ ಹೇಳಿ ಕೊಡಲಿಲ್ಲ ಅಂದಿದ್ರ ನಾ ಬರಸ್ತಿರಲಿಲ್ಲ ಬೇ ನಿಂಬಿ," ಎಂದಿದ್ದಳು ರುಕ್ಮಿಣಿಬಾಯಿ. "ಹಂಗ ಎಲ್ಲಾರೂ ಹೇಳ್ತಾರ. ಇವ ಕೊಟ್ಟೇನಿ ಅಂದಾನ. ನನ್ನ ಮಾರಿ ತೋರಿಸಿ ಅಂದಾನ. ಜಡ್ಜ್ ಸಾಹೇಬ್ರು ಅವನ್ನ ಎದುರಿಗೆ ನಿಂದ್ರಿಸಿ, ಎಲ್ಲಿ ಅದ ನೀರು ಅಂತ ಒಂದು ಮಾತು ಕೇಳ್ಬೇಕು. ಅದನ್ನ ಬರಿ."

ಗುದ್ದಲಿಯ ಮಾತು ಬಂದಾಗ ಆಕೆಯೇ ತಡೆದಳು. ಶ್ರೀಮಂತನ ಹೆಸರು ಬೇಡ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನು ಎಂದಳು. 'ಒಬ್ಬ ಆಳು' ಎಂದಷ್ಟೇ ಬರೆಸಿದಳು. ಕೊನೆಗೆ ನಾಲಿಗೆ ಕಚ್ಚಿಕೊಂಡು ತನ್ನ ಹೆಸರು ತಾನೇ ಬರೆದಳು.

ಅರ್ಜಿ ಟ್ರಂಕಿನಿಂದ ಆಚೆ ಬರಲಿಲ್ಲ. ಹೆಸರಿಲ್ಲದಿದ್ದರೇನು, ವಿಚಾರಣೆ ಅಂದರೆ ಮೊದಲು ಸಿಕ್ಕುವವನು ತನ್ನ ಮಗನೇ ಎಂಬುದು ನಿಂಬೆವ್ವನಿಗೆ ಗೊತ್ತಿತ್ತು. ಹದಿನಾರು ತಿಂಗಳು ರುಕ್ಮಿಣಿಬಾಯಿ ಜವಾಬು ಬಂತೇನು ಎಂದು ಕೇಳಿದಳು. ಹದಿನಾರು ತಿಂಗಳೂ ನಿಂಬೆವ್ವ, ಕಳಿಸಿದ್ದೇನೆ, ಕೋರ್ಟಿನ ಕೆಲಸ ತಡ ಎಂದಳು.

*

"ಮೈತ್ರಿ," ಎಂದಳು ನಿಂಬೆವ್ವ, ಎಲ್ಲರಿಗೂ ಕೇಳುವಂತೆ. "ಕರಪತ್ರ ನನ್ನ ಬಲ್ಲಿ ಅದ. ಅರ್ಜೀನೂ ಅದ. ನಾ ಕಳಿಸಿಲ್ಲ."

ಮೈತ್ರಿ ಆಕೆಯ ಕಡೆ ತಿರುಗಿದಳು. "ಹ್ವಾದ ವಾರ ಆಯಿ ಬಾಜೂ ಮನಿಯವ್ರ ಫೋನಿಂದ ಮಾತಾಡಿದ್ಳು. ಜಡ್ಜರ ಜವಾಬು ಇಂಗ್ಲಿಷಿನ್ಯಾಗ ಬಂದ್ರ ಓದಾಕ ನೀ ಬರ್ತಿಯೇನು ಅಂತ ಕೇಳಿದ್ಳು. ಬರ್ತೇನಿ ಅಂದಿದ್ದೆ."

ಬೈದಿದ್ದರೆ ಹಗುರಾಗುತ್ತಿತ್ತು. ಆ ಹುಡುಗಿ ಬೈಯಲಿಲ್ಲ. ನಿಂಬೆವ್ವ ಮೇಲಿನ ಓಣಿಗೆ ಹೋಗಿ, ಟ್ರಂಕು ತೆಗೆದು, ಎರಡನ್ನೂ ತಂದಳು. ಮೈತ್ರಿ ಕರಪತ್ರವನ್ನು ತಲೆದೆಸೆಗೆ ಆನಿಸಿಟ್ಟಳು. ಬಿಳಿ ಬಟ್ಟೆಯಲ್ಲಿ ಮಲಗಿದ್ದವಳ ಮೇಲೆ ಅದೇ ಹೆಂಗಸು ಕೊಡ ಹಿಡಿದು ನಗುತ್ತಿದ್ದಳು. ಕೆಳಗಿನ ದಪ್ಪಕ್ಷರವನ್ನು ಬಂದವರೆಲ್ಲ ಓದಿದರು.

ಶ್ರೀಮಂತ ಬಗ್ಗಿ ತಾಯಿಯ ಕಿವಿಯಲ್ಲಿ, "ಅವ್ವಾ, ಅಕ್ಷರದ ಕಡೆ ಮಡಚಿಡು," ಎಂದ.

"ಹದಿನಾರು ತಿಂಗಳು ಮಡಚಿಟ್ಟೇನಿ. ಸಾಕು."

ಮಣ್ಣು ಮಾಡಿ ಬಂದ ಮೇಲೆ ಮೈತ್ರಿ ಕರಪತ್ರದ ಫೋಟೋ ಮೊಬೈಲಿನಲ್ಲಿ ಹಿಡಿದುಕೊಂಡು, ಮೂಲವನ್ನು ನಿಂಬೆವ್ವನ ಕೈಗಿಟ್ಟಳು. ನಿಂಬೆವ್ವ ಆಟೋ ಹತ್ತಿ ಚೌಡಾಪುರಕ್ಕೆ ಹೋದಳು.

ಅಂಚೆ ಕಚೇರಿಯಲ್ಲಿ ದಾರ ಕಟ್ಟಿದ ಪೆನ್ನು ಹಿಡಿದು ಆಕೆ ಅರ್ಜಿ ಬಿಚ್ಚಿದಳು. 'ಒಬ್ಬ ಆಳು' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ 'ನನ್ನ ಮಗ ಶ್ರೀಮಂತ' ಎಂದು ಬರೆದಳು. ರುಕ್ಮಿಣಿಬಾಯಿಯ ಸಹಿಯ ಕೆಳಗೆ ಜಾಗವಿತ್ತು. ಅಲ್ಲಿ ಹೀಗೆ ಬರೆದಳು: ಇದನ್ನು ಬರೆಸಿದವಳು ನಿನ್ನೆ ನೀರು ತರುವಾಗ ತೀರಿಕೊಂಡಳು. ಇದನ್ನು ತಡೆದವಳು ನಾನು, ಶ್ರೀಮಂತನ ತಾಯಿ ನಿಂಬೆವ್ವ. ನನ್ನನ್ನೂ ಕರೆಯಿರಿ. ಮುಖದ ಮೇಲೆ ಗೆರೆ ಬೀಳದ ಹಾಗೆ ಕರಪತ್ರ ಮಡಚಿ, ಅರ್ಜಿಯ ಜೊತೆ ಲಕೋಟೆಯೊಳಗಿಟ್ಟು ಅಂಟಿಸಿದಳು.

ಗುಮಾಸ್ತ ತೂಕ ಮಾಡಿ, ಕಂಪ್ಯೂಟರಿನಲ್ಲಿ ವಿಳಾಸ ಕುಟ್ಟಿಕೊಂಡ.

"ಕಳಿಸೋರ ಮೊಬೈಲ್ ನಂಬರ್ ಹೇಳ್ರಿ ಯಮ್ಮಾ. ಕಾಗದ ಮುಟ್ಟಿದ ಕೂಡ್ಲೇ ಮೆಸೇಜ್ ಬರ್ತದ."

ಆಕೆಯ ಬಳಿ ಫೋನಿರಲಿಲ್ಲ. ಬಾಯಲ್ಲಿದ್ದದ್ದು ಒಂದೇ ನಂಬರು, ಮಗನದು. ಎಲ್ಲಾದರೂ ದಾರಿ ತಪ್ಪಿದರೆ ಇದನ್ನು ಹೇಳೆಂದು ಶ್ರೀಮಂತ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದ.

ನಿಂಬೆವ್ವ ಸೆರಗು ಸರಿಮಾಡಿಕೊಂಡು ಕಿಟಕಿಗೆ ಹತ್ತಿರವಾದಳು. ಹತ್ತೂ ಅಂಕಿಗಳನ್ನು, ಒಂದೊಂದಾಗಿ, ತಡೆಯದೆ ಹೇಳಿದಳು.