ಸೀಳಿ ನೋಡಿದ ಅಣಬೆ

ಗಾಜಿನ ಭರಣಿಯ ಮುಚ್ಚಳ ತೆಗೆದರೆ ಮೊದಲು ಬರುತ್ತಿದ್ದುದು ಒದ್ದೆ ಮಣ್ಣಿನ ವಾಸನೆ. ಅದರ ಹಿಂದೆಯೇ ಸ್ವಲ್ಪ ಹೊಗೆ, ಆಮೇಲೆ ಗರಗಸದಿಂದ ಆಗತಾನೆ ಉದುರಿದ ಮರದ ಹೊಟ್ಟು. ಬೆಟ್ಟದ ಅಣಬೆ ಒಣಗಿದ ಮೇಲೆ ಹಾಗೆ ಘಮಿಸುತ್ತದೆ. ನನಗೀಗ ಎಪ್ಪತ್ತನಾಲ್ಕು. ಇಂದಿಗೂ ಆ ಘಮ ಬಂದರೆ ಅಪ್ಪ ಪಕ್ಕದಲ್ಲೇ ಬಂದು ಕೂತಂತಾಗುತ್ತದೆ.

ಅಪ್ಪ ಬಡಗಿ. ಚಳಿ ಕಳೆದು ಮೊದಲ ಮಳೆ ಬಿದ್ದ ವಾರ ಉಳಿ, ಸುತ್ತಿಗೆ ಕೆಳಗಿಟ್ಟು ಬೆಟ್ಟ ಹತ್ತುತ್ತಿದ್ದರು. ಅವರು ಆಯುತ್ತಿದ್ದುದು ಒಂದೇ ಬಗೆಯ ಅಣಬೆ. ಹೆಬ್ಬೆರಳುದ್ದ, ತಲೆಯ ತುಂಬ ಜೇನುಹುಟ್ಟಿನಂತೆ ಗುಳಿಗಳು. ನಮ್ಮ ಮನೆಯಲ್ಲಿ ಅದನ್ನು ಜೇನಣಬೆ ಎನ್ನುತ್ತಿದ್ದೆವು.

ಅದನ್ನು ತಿನ್ನುವುದಕ್ಕೂ ಮನೆಯಲ್ಲೊಂದು ಪದ್ಧತಿಯಿತ್ತು. ಮಧ್ಯಾಹ್ನ ಅಪ್ಪ ಒಬ್ಬರೇ ಮೊದಲು ತಿನ್ನಬೇಕು. ಮಕ್ಕಳು ಎದುರಿಗೆ ಸಾಲಾಗಿ ಕೂತು ಅವರ ಮುಖ ನೋಡಬೇಕು. ಸಂಜೆಯವರೆಗೂ ಏನೂ ಆಗದಿದ್ದರೆ ನಮಗೂ ಬಡಿಸುತ್ತಿದ್ದರು. ಒಮ್ಮೆ ಅಪ್ಪ ಕಣ್ಣು ಮೇಲೆ ಮಾಡಿ ಗೋಡೆಗೆ ಒರಗಿಬಿಟ್ಟರು. ನಾವು ಹೋ ಎಂದು ಅಳುವಷ್ಟರಲ್ಲಿ ಒಂದು ಕಣ್ಣು ತೆರೆದು ನಕ್ಕರು. ಅಮ್ಮ ಸೌಟು ಹಿಡಿದು ಅವರನ್ನು ಅಂಗಳದ ತುಂಬ ಓಡಿಸಿದ್ದಳು.

ಅಪ್ಪನ ಕಸುಬು, ಅಪ್ಪನ ಬೆಟ್ಟ, ಆ ಪದ್ಧತಿ ಎಲ್ಲವೂ ಅಣ್ಣನಿಗೆ ಬಂದವು. ಆದರೆ ಅಪ್ಪ ಹೋಗುತ್ತಿದ್ದ ಇಳಿಜಾರಿನ ಮರಗಳನ್ನು ರಸ್ತೆ ಮಾಡುವವರು ಕಡಿದರು. ಹೋದ ವರ್ಷ ಅಣ್ಣ ಬೆಟ್ಟದ ಇನ್ನೊಂದು ಮಗ್ಗುಲಿಗೆ ಹೋಗಿದ್ದ. ಅವನ ಕಣ್ಣಿಗೆ ಪೊರೆಯೂ ಬಂದಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಸೂಜಿಗೆ ದಾರ ಪೋಣಿಸಲು ದಿನವೂ ಅತ್ತಿಗೆಯನ್ನು ಕೂಗುತ್ತಿದ್ದುದರಿಂದ ನಮಗೆ ಗೊತ್ತಾಗಿತ್ತು.

ಅವನು ಅಲ್ಲಿಂದ ಅಣಬೆ ತಂದ ದಿನ ಮಧ್ಯಾಹ್ನ ನಾನು ಅವರ ಅಡುಗೆಮನೆಯಲ್ಲಿದ್ದೆ. ಅತ್ತಿಗೆ ಬೆಣ್ಣೆಯಲ್ಲಿ ಒಂದು ಹಿಡಿ ಅಣಬೆ ಬಾಡಿಸುತ್ತಿದ್ದಳು, ಇಡಿ ಇಡಿಯಾಗಿ. ಉಳಿದದ್ದು ಬುಟ್ಟಿಯಲ್ಲಿತ್ತು. ಎರಡು ದಿನ ಮುಂಚೆ ಆಯ್ದದ್ದು ದಾರದಲ್ಲಿ ಸರವಾಗಿ ಕಿಟಕಿಯ ಪಕ್ಕ ಒಣಗುತ್ತಿತ್ತು. ಅಣ್ಣ ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಆ ವರ್ಷದ ಮೊದಲ ಅಣಬೆಯೂಟ ಅದು.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸಮ್ಮ ಅತ್ತಿಗೆಯ ಬಿಪಿ ನೋಡಲು ಬಂದಳು.

"ಬಂದ್ಲಪ್ಪ ಸೂಜಿ," ಅಂದ ಅಣ್ಣ.

"ಹೆದರ್ಬೇಡಿ ಮಾವ, ಇವತ್ತು ನಿಮಗೆ ಚುಚ್ಚಲ್ಲ." ಅವಳು ಬುಟ್ಟಿಯೊಳಗೆ ಇಣುಕಿದಳು. "ಇದನ್ನ ಸೀಳಿ ನೋಡಿದ್ರಾ?"

"ಸೀಳೋದ್ಯಾಕೆ? ಘಮ ಹೋಗುತ್ತೆ. ಅರವತ್ತು ವರ್ಷದಿಂದ ಆಯ್ತಿದೀನಿ. ನೀನು ಹುಟ್ಟೋಕೆ ಮುಂಚೆ ಈ ಮೂಗು ಹುಟ್ಟಿದೆ."

"ಮೂಗು ದೊಡ್ಡದೇ, ಒಪ್ಕೊಂಡೆ. ಆದ್ರೆ ಅಣಬೆ ಒಳಗಿರೋದು ಮೂಗಿಗೆ ಕಾಣಲ್ಲವಲ್ಲ."

ಅತ್ತಿಗೆ ನಗು ತಡೆದುಕೊಂಡು, "ನಾನು ಬೆಳ್ಳಿ ಚಮಚ ಹಾಕಿ ನೋಡಿದೆ ಕಣಮ್ಮ. ಕಪ್ಪಾಗಲಿಲ್ಲ," ಎಂದಳು.

"ಚಮಚಕ್ಕೆ ವಿಷ ಗೊತ್ತಾಗಲ್ಲ ಅತ್ತೆ. ಹುಳ ತಿಂದಿದೆ, ನಾವೂ ತಿನ್ಬಹುದು ಅಂತಾರಲ್ಲ, ಅದೂ ಸುಳ್ಳು. ಹುಳದ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ."

"ಅದಕ್ಕೇ ತಾನೇ ನಾನು ಮೊದಲು ತಿನ್ನೋದು?" ಅಣ್ಣ ಎದೆ ತಟ್ಟಿಕೊಂಡ. "ಏನಾದ್ರೂ ಆದ್ರೆ ನನಗೊಬ್ಬನಿಗೇ ಆಗ್ಲಿ."

ನರ್ಸಮ್ಮನ ಮುಖದಲ್ಲಿ ನಗು ಹೋಯಿತು. "ಎಷ್ಟೊತ್ತು ಕಾಯ್ತೀರಿ?"

"ಸಂಜೆವರೆಗೆ. ಐದು ಗಂಟೆ ಹೊತ್ತು ಅಂತಿಟ್ಕೋ."

"ಕೆಲವು ಅಣಬೆ ವಿಷಕ್ಕೆ ಅವಸರವೇ ಇಲ್ಲ ಮಾವ. ಆರು ಗಂಟೆ, ಹನ್ನೆರಡು ಗಂಟೆ, ಕೆಲವು ಸಲ ಒಂದು ದಿನ ಕಳೆದ್ರೂ ಸುಮ್ಮನಿರುತ್ತೆ. ಆಮೇಲೆ ವಾಂತಿ, ಭೇದಿ. ಲಿವರ್ ಕೆಟ್ಟು ಪ್ರಾಣಾನೇ ಹೋಗಬಹುದು. ಅಷ್ಟರಲ್ಲಿ ಮನೆಯವರೆಲ್ಲ ಉಂಡು ಕೈ ತೊಳೆದಾಗಿರುತ್ತೆ."

ಅಣ್ಣ ತಟ್ಟೆಯನ್ನು ಕೂತಲ್ಲೇ ಸುಮ್ಮನೆ ತಿರುಗಿಸಿದ. "ಅಪ್ಪನಿಗೆ ಏನೂ ಆಗಲಿಲ್ಲವಲ್ಲ," ಅಂದ. ಅದರಲ್ಲಿ ಜಗಳದ ದನಿ ಇರಲಿಲ್ಲ.

"ಅಪ್ಪ ಹೋಗ್ತಿದ್ದ ಜಾಗದಲ್ಲಿ ಕೆಟ್ಟದ್ದು ಬೆಳೀತಿರಲಿಲ್ಲವೇನೋ ಅಣ್ಣ," ಅಂದೆ ನಾನು. "ನೀನೀಗ ಹೋಗಿದ್ದು ಬೇರೆ ಕಡೆ."

"ನೇರವಾಗಿ ಹೇಳ್ರಲ್ಲ, ನನಗೆ ಕಣ್ಣು ಕಾಣಲ್ಲ ಅಂತ! ಬೆಟ್ಟ ಹತ್ಬೇಡ, ಮೂಲೇಲಿ ಬಿದ್ಕೋ ಅನ್ನಿ. ಮುಗೀತಲ್ಲ!"

ಅವನಿಗಿದ್ದ ಹೆದರಿಕೆ ಯಾವುದೆಂದು ನನಗೆ ಅರ್ಥವಾದದ್ದು ಆಗಲೇ.

ನರ್ಸಮ್ಮನಿಗೂ ಅರ್ಥವಾಯಿತು. ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು. "ಬೆಟ್ಟ ಬಿಡಿ ಅಂತ ಯಾರಂದ್ರು ಮಾವ? ಒಂದು ಚಾಕು ಕೊಡಿ ಅಂತಿದೀನಿ, ಅಷ್ಟೇ."

ಅಣ್ಣ ಎದ್ದು ಚಾಕು ತಂದುಕೊಟ್ಟ.

ಅವಳು ಒಂದು ಅಣಬೆಯನ್ನು ತಲೆಯಿಂದ ಬುಡದವರೆಗೆ ಉದ್ದಕ್ಕೆ ಸೀಳಿದಳು. ಒಳಗೆ ಪೂರ್ತಿ ಟೊಳ್ಳು, ತಲೆಯಿಂದ ಬುಡದವರೆಗೆ ಒಂದೇ ಕೊಳವೆ. ತಲೆಯ ಕೆಳಗಿನ ಅಂಚು ಕಾಂಡಕ್ಕೆ ಅಂಟಿಕೊಂಡಿತ್ತು. "ಇದು ನಿಮ್ಮ ಜೇನಣಬೆ," ಎಂದಳು. ಎರಡನೆಯದು ಹಾಗೇ ಇತ್ತು. ಹತ್ತನೆಯದೂ ಹಾಗೇ. ಅಣ್ಣ ಮೀಸೆ ತಿರುವಲು ಶುರುಮಾಡಿದ್ದ.

ಹನ್ನೊಂದನೆಯದರ ಒಳಗೆ ಹತ್ತಿ ತುರುಕಿದಂತೆ ಬಿಳಿಯ ತಿರುಳಿತ್ತು, ನಡುನಡುವೆ ಗೂಡುಗಳು. ಅದನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ತಲೆಯ ಮೇಲೆ ಗುಳಿಗಳಿರಲಿಲ್ಲ, ಮಿದುಳಿನಂಥ ಮಡಿಕೆಗಳಿದ್ದವು. "ಇದು ಜೇನಣಬೆಯಲ್ಲ ಮಾವ, ವಿಷದ್ದು," ಎಂದಳು.

ಅತ್ತಿಗೆ ಒಲೆ ಆರಿಸಿದಳು.

"ಕಿಟಕಿ ತೆಗೀರಿ ಅತ್ತೆ, ಇದರ ಹಬೆಯೂ ಒಳ್ಳೇದಲ್ಲ. ಬಾಣಲೇಲಿ ಯಾವುದಿದೆಯೋ ಯಾರಿಗೆ ಗೊತ್ತು? ಅನುಮಾನ ಬಂದ್ಮೇಲೆ ಪೂರ್ತಿ ಚೆಲ್ಲಿಬಿಡಬೇಕು."

"ಆ ಸರ?" ಅಣ್ಣನ ದನಿ ಇಳಿದಿತ್ತು. "ಒಣಗಿದ್ರೆ ವಿಷ ಹೋಗಲ್ವಾ?"

"ನಂಬೋ ಹಾಗಿಲ್ಲ ಮಾವ. ಇಡಿಯಾಗಿ ಒಣಗಿ ಮುದುಡಿದ್ಮೇಲೆ ಯಾವುದು ಯಾವುದು ಅಂತ ಹೇಳೋಕೂ ಆಗಲ್ಲ."

ಅಣ್ಣ ಎದ್ದು ಸರವನ್ನು ತಾನೇ ಬಿಚ್ಚಿದ. ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿ ಎಲ್ಲವನ್ನೂ ಹೂತು, ಎರಡು ಸಲ ಕೈ ತೊಳೆದು ಬಂದ. ಅತ್ತಿಗೆಯ ಮುಖ ನೋಡದೆ, "ಸಂಜೆ ಇವಳೂ ತಿಂತಿದ್ಲು," ಎಂದ.

ಮರುವಾರ ಅವನು ಕಣ್ಣಿನ ಪೊರೆ ತೆಗೆಸಿಕೊಂಡ. ಈ ವರ್ಷ ಗಂಡ ಹೆಂಡತಿ ಇಬ್ಬರೂ ಅಣಬೆ ಬಲ್ಲ ತಜ್ಞರೊಬ್ಬರ ಜೊತೆ ತಿರುಗಿ ಕಲಿತು ಬಂದರು. ಈಗ ಮಣ್ಣನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ ತೆಗೆಯುತ್ತಾರೆ. ಒಂದೊಂದನ್ನೂ ಸೀಳಿ ಇಬ್ಬರೂ ನೋಡುತ್ತಾರೆ. ಹೋಳುಗಳನ್ನು ಜಾಲರಿಯ ಮೇಲೆ ಹರವಿ, ಗಾಳಿಯಾಡುವ ಕಡೆ ಒಣಗಿಸುತ್ತಾರೆ. ಬಾಗಿದರೆ ಇನ್ನೂ ಹಸಿ ಎಂದರ್ಥ, ಬೂಸ್ಟು ಹಿಡಿಯುತ್ತದೆ. ಲಟಕ್ಕೆಂದು ಮುರಿದರೆ ಮಾತ್ರ ಗಾಳಿಯಾಡದ ಭರಣಿಗೆ ಹೋಗುತ್ತದೆ. ಸೀಳಿದ್ದರಿಂದ ಘಮ ಹೋಯಿತೇ ಎಂದು ಕೇಳಿದರೆ ಅಣ್ಣ ಮಾತು ಬದಲಿಸುತ್ತಾನೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಾಡಿನ ಅಣಬೆ ನಿಮ್ಮ ಮನೆಯ ನೆನಪೂ ಆಗಿರಬಹುದು. ಆ ನೆನಪು ಉಳಿಯಲಿ, ಆದರೆ ಹಿರಿಯರು ತಿಂದು ಬದುಕಿದರು ಎಂಬುದನ್ನು ಪರೀಕ್ಷೆ ಎಂದುಕೊಳ್ಳಬೇಡಿ. ಬಲ್ಲವರು ಕಣ್ಣಾರೆ ನೋಡಿ ಹೇಳದ ಅಣಬೆಯನ್ನು ಒಲೆಗೆ ಏರಿಸಬೇಡಿ. ಸೀಳಿ ನೋಡುವ ಈ ಗುರುತು ಜೇನಣಬೆಯೊಂದಕ್ಕೆ ಮಾತ್ರ, ಬೇರೆ ಅಣಬೆಗಲ್ಲ. ಜೇನಣಬೆಯನ್ನೂ ಹಸಿಯಾಗಿ ತಿನ್ನಬೇಡಿ, ಚೆನ್ನಾಗಿ ಬೇಯಿಸಿ, ಮೊದಲ ಸಲ ಸ್ವಲ್ಪವೇ ತಿನ್ನಿ, ಮದ್ಯದ ಜೊತೆ ಬೇಡವೇ ಬೇಡ. ತಿಂದ ಮೇಲೆ ಹೊಟ್ಟೆ ಕೆಟ್ಟರೆ ಮನೆಮದ್ದು ಮಾಡುತ್ತ ಕೂರದೆ, ಉಳಿದ ಅಣಬೆಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಿ.

ಆ ಮಧ್ಯಾಹ್ನದ್ದು ಒಂದು ಮಾತು ಉಳಿಯಿತು. ನಮ್ಮ ಗಲಾಟೆಯಲ್ಲಿ ನರ್ಸಮ್ಮನ ಊಟದ ಹೊತ್ತು ಮೀರಿಹೋಗಿತ್ತು. ಅವಳಿಗೆ ಇನ್ನೂ ಮೂರು ಮನೆಗೆ ಹೋಗುವುದಿತ್ತು. ಅವಳು ಜಗಲಿಯಲ್ಲಿ ಅತ್ತಿಗೆಯ ಬಿಪಿ ನೋಡಿ ಬರೆದುಕೊಳ್ಳುತ್ತಿದ್ದಾಗ ಅಣ್ಣ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದ. ಅವಳು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುವ ಹೊತ್ತಿಗೆ ಬಾಗಿಲಿಗೆ ಬಂದ. ಬೇಯಿಸಿದ ಆಲೂಗಡ್ಡೆ, ಎರಡು ಮೊಟ್ಟೆ, ಒಂದು ತುಂಡು ಬ್ರೆಡ್ಡು ಇಟ್ಟ ಬಿಸಿ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ, ಎರಡೂ ಕೈಯಿಂದ ಅವಳ ಕೈಗೆ ಕೊಟ್ಟ.