ವೀಳ್ಯ ಹಿಡಿದವನ ಆಣೆ

ಅರಸೀಕೆರೆಯಲ್ಲಿ ನೀರಿನ ಮಾತೆತ್ತಿದರೆ ಸಾಕು, ಯಾರದಾದರೂ ಮನೆಯಲ್ಲಿ ಒಂದು ಜಗಳ ಎದ್ದು ಕೂರುತ್ತಿದ್ದ ಕಾಲ ಅದು. ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಸುಬ್ಬರಾಮಯ್ಯನವರು ಅದಕ್ಕೇ ಹೊಸ ಮನೆಯ ಹಿತ್ತಿಲಲ್ಲಿ, ಎಮ್ಮೆ ಇಳಿದರೂ ಮುಳುಗುವಂಥ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿದ್ದರು. ತೊಟ್ಟಿಯ ಸುತ್ತ ಚಪ್ಪಡಿ ಹಾಸಿದ ಅಂಗಳ. ಸಂಜೆಯ ಹೊತ್ತು ಅಲ್ಲಿ ಕುರ್ಚಿ ಹಾಕಿಕೊಂಡು, ನೀರಿನ ಮೇಲಿಂದ ಬರುವ ತಂಗಾಳಿಗೆ ಮೈಯೊಡ್ಡಿ ಕೂರಬೇಕೆಂದು ಅವರ ಆಸೆ. ಶ್ರಾವಣ ಕಾಲಿಡುವಷ್ಟರಲ್ಲಿ ತೊಟ್ಟಿ ಸೋರತೊಡಗಿತು. ಅಂಗಳದ ಚಪ್ಪಡಿ ಒಂದು ಕಡೆ ಕುಸಿಯಿತು. ಸೋರಿದ ನೀರೆಲ್ಲ ಅಡುಗೆಮನೆ ಗೋಡೆಯ ಬುಡಕ್ಕೆ ಹೋಗಿ ನಿಂತು, ಒಳಗಡೆ ಅಕ್ಕಿಮೂಟೆಗೆ ಮುಗ್ಗಲು ಹಿಡಿಯಿತು.

ಕಟ್ಟಿದವನು ಹಾರನಹಳ್ಳಿಯ ಗಾರೆ ಮೇಸ್ತ್ರಿ ಕೆಂಚಪ್ಪ. ಸುದ್ದಿ ತಿಳಿದು ಓಡಿಬಂದವನು ತೊಟ್ಟಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು, ಮೂಲೆಯಲ್ಲಿ ಎದ್ದಿದ್ದ ಕೂದಲೆಳೆಯಂಥ ಬಿರುಕನ್ನು ಬೆರಳಿನಲ್ಲಿ ಸವರುತ್ತಲೇ ಇದ್ದ.

"ಏನಯ್ಯಾ, ಮುತ್ತು ಉದುರುತ್ತವೇನು ಬಾಯಿ ಬಿಟ್ಟರೆ?" ಎಂದರು ಸುಬ್ಬರಾಮಯ್ಯ. "ನಿನ್ನ ಕೈಯಿ ಒಳ್ಳೆಯದು ಅಂತ ಊರೆಲ್ಲ ಹೇಳಿದರು. ಇದೇನೋ ಒಳ್ಳೆಯ ಕೈಯಿ?"

"ಸ್ವಾಮಿ, ಗಾರೇಲಿ ಮೋಸ ಇಲ್ಲ. ಸುಣ್ಣ ನಾನೇ ಕೊಳೆಹಾಕಿದ್ದು. ಬೆಲ್ಲ, ಅಳಲೆಕಾಯಿ ನೀರು ಎಲ್ಲ ನಿಮ್ಮ ಕಣ್ಣ ಮುಂದೇನೇ ಬೆರೆಸಿದ್ದು."

"ಬೆರೆಸಿದ್ದು ನೋಡಿದೆ. ಕೊನೆಗೆ ಉಜ್ಜಿದವನು ಯಾರು? ನೀನೋ, ನಿನ್ನ ಭಾವಮೈದುನನೋ?"

ಕೆಂಚಪ್ಪನಿಗೆ ಇಲ್ಲಿ ನಾಲಿಗೆ ಕಚ್ಚಿಕೊಂಡಂತಾಯಿತು. ತೊಟ್ಟಿಯ ಒಳಮೈಗೆ ಬಳಿದ ಗಾರೆಯನ್ನು ಹಸಿ ಇರುವಾಗಲೇ ನುಣುಪುಗಲ್ಲಿನಿಂದ ಉಜ್ಜಬೇಕು. ಮಧ್ಯೆ ಕೈ ಎತ್ತಬಾರದು. ಗಾರೆ ಮನುಷ್ಯನ ಹಣೆಯ ಹಾಗೆ ಸಣ್ಣಗೆ ಬೆವರುವವರೆಗೂ ಉಜ್ಜುತ್ತಲೇ ಇರಬೇಕು. ಅರ್ಧಕ್ಕೆ ಬಿಟ್ಟರೆ ಮೇಲ್ನೋಟಕ್ಕೆ ಏನೂ ಕಾಣುವುದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ. ಆ ಉಜ್ಜುವ ದಿನ ಕೆಂಚಪ್ಪ ಅಲ್ಲಿರಲಿಲ್ಲ. ಚೊಚ್ಚಲ ಬಸುರಿ ಮಗಳು ಶಿವಗಂಗಮ್ಮನನ್ನು ತವರಿಗೆ ಕರೆತರಲು ಬೇಲೂರಿಗೆ ಹೋಗಿದ್ದ. ಕೆಲಸವನ್ನು ಹೆಂಡತಿಯ ತಮ್ಮ, ಹಳೇಬೀಡಿನ ನಂಜಪ್ಪನ ಕೈಗೆ ಬಿಟ್ಟಿದ್ದ.

ಬೀದಿಯ ನ್ಯಾಯಕ್ಕೆಲ್ಲ ತಲೆಹಾಕುವ ತೆಂಗಿನತೋಟದ ತಿಮ್ಮಯ್ಯನವರು ಅಷ್ಟರಲ್ಲಿ ಎಲೆಯಡಿಕೆ ಜಗಿಯುತ್ತಾ ಬಂದು ನಿಂತರು. ಎರಡೂ ಕಡೆಯ ಮಾತು ಕೇಳಿ, ಉಗುಳಲು ಅತ್ತ ಹೋಗಿ, ಇತ್ತ ಬಂದು ತೀರ್ಮಾನ ಕೊಟ್ಟರು.

"ಕೋರ್ಟು ಕಚೇರಿ ಅಂತ ಹಾಸನಕ್ಕೆ ಓಡಾಡಿದ್ರೆ ಇಬ್ರ ಚಪ್ಪಲೀನೂ ಸವೀತವೆ. ಮಾಲೇಕಲ್ಲು ಬೆಟ್ಟ ಇಲ್ಲೇ ಐತೆ. ಶನಿವಾರ ಎಲ್ಲ ಹತ್ತಾನ. ಐನೋರು ಮೊದ್ಲು ತುಳಸಿ ಹಿಡ್ದು, ಮೇಸ್ತ್ರಿ ಹೇಳಿದಂಗೇ ನಡ್ಕೊಂಡೆ ಅನ್ಲಿ. ಆಮೇಕೆ ಕೆಂಚಪ್ಪ ಕೆಲಸದಲ್ಲಿ ಕುಂದು ಇಲ್ಲ ಅಂತ ಉರಿಯೋ ಕರ್ಪೂರಾನ ಅಂಗೈಲಿ ಆರಿಸ್ಲಿ. ಆರಿಸಿದ್ರೆ ಐನೋರು ಬಾಯಿ ಮುಚ್ಕೊಬೇಕು. ಆರಿಸ್ದೆ ಹೋದ್ರೆ ಇವನು ಒಡ್ದು ಹೊಸ್ದಾಗಿ ಕಟ್ಟಿಕೊಡಬೇಕು. ಏನಂತೀರಿ?"

"ನಂಜ ಉಜ್ಜಿದ್ದು, ನಂಜಾನೇ ಆರಿಸ್ಲಿ ಗೌಡ್ರೆ" ಎಂದ ಕೆಂಚಪ್ಪ.

"ಅದೆಂಗಾಯ್ತದ್ಲಾ? ವೀಳ್ಯ ಯಾರ ಕೈಗೆ ಕೊಟ್ಟಿದ್ದು?"

"ನಿನಗೇ ಕಣಯ್ಯ ಕೊಟ್ಟದ್ದು" ಎಂದರು ಸುಬ್ಬರಾಮಯ್ಯ. "ನಿನ್ನ ಭಾವಮೈದುನನ ಮುಖ ನೋಡಿ ನಾನು ಮನೆ ಕಟ್ಟಿಸಲಿಲ್ಲ."

ಕೆಲಸ ಒಪ್ಪಿಕೊಂಡು ವೀಳ್ಯ ಹಿಡಿದವನೇ ಆಣೆ ಇಡಬೇಕು. ಅಪ್ಪನ ಕಾಲದಿಂದ ಬಂದ ಪದ್ಧತಿ. ತಿಮ್ಮಯ್ಯ ಹೊರಡುವಾಗ ಕೆಂಚಪ್ಪನ ಭುಜದ ಮೇಲೆ ಕೈಹಾಕಿ, ಕಿವಿಯ ಹತ್ತಿರ ಬಾಗಿ ಇನ್ನೊಂದು ಮಾತು ಬಿಟ್ಟರು: "ನೋಡಪ್ಪ, ನಿನ್ನ ನಂಜಪ್ಪನ್ನ ಆವತ್ತು ಸಂಜೆ ಟೂರಿಂಗ್ ಟಾಕೀಸ್‌ತಾವ ಕಂಡೋರವರೆ. ನಂಗ್ಯಾಕೆ, ಕಿವಿಗೆ ಬಿದ್ದಿದ್ದು ಹೇಳ್ದೆ."

ಅಲ್ಲಿಂದ ಹಾರನಹಳ್ಳಿಯವರೆಗೆ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕೆಂಚಪ್ಪನನ್ನು ಕಾಡಿತು.

ಮನೆಗೆ ಬಂದರೆ ನಂಜಪ್ಪ ಆಗಲೇ ಬಂದು ಜಗಲಿಯ ಮೇಲೆ ಅಕ್ಕ ಮಹದೇವಮ್ಮನ ಜೊತೆ ಕಡಲೆಕಾಯಿ ಬಿಡಿಸುತ್ತಾ ನಗುತ್ತಿದ್ದ. ನಂಜಪ್ಪ ನಗುವುದೇ ಹಾಗೆ, ಸಾವಿನ ಮನೆಯಲ್ಲೂ ಹಲ್ಲು ಕಾಣುತ್ತದೆ. ಹಿಂದೊಮ್ಮೆ ಬಾಣಾವರದ ಕೆಲಸದಲ್ಲಿ, ಗೋಡೆ ಅರ್ಧ ಉಜ್ಜಿ ಸಿನಿಮಾಕ್ಕೆ ಓಡಿದ್ದವನು ಇವನೇ. ಅವತ್ತು ಕೆಂಚಪ್ಪ ಕೆನ್ನೆಗೆ ಬಾರಿಸಿದ್ದ. ಏಟು ತಿಂದೂ ನಂಜಪ್ಪ ನಕ್ಕಿದ್ದ.

"ಲೇ ನಂಜ, ನಿಜ ಬೊಗಳು. ತೊಟ್ಟಿ ಉಜ್ಜಿದ ದಿನ ಟಾಕೀಸಿಗೆ ಹೋಗಿದ್ದಾ?"

"ಹೋಗಿದ್ದೆ ಭಾವ. ಅದಕ್ಕೇನೀಗ?"

"ಅದಕ್ಕೇನೀಗ? ಉಜ್ಜಾದು ಬಿಟ್ಟು ಹೋದ್ಯಾ?"

"ಮುಗಿಸಿ ಹೋದೆ. ಗಾರೆ ಬೆವರ್ತು, ನಾನೂ ಬೆವರಿದ್ದೆ. ಮೈ ತೊಳ್ಕಂಡು ಹೋದೆ. ಅರ್ಧ ಕತೆ ಆಗೋಗಿತ್ತು, ಕಾಸು ದಂಡ."

"ಬಾಣಾವರದಾಗೂ ಹಿಂಗೇ ಅಂದಿದ್ದೆ."

ನಂಜಪ್ಪನ ನಗು ಸ್ವಲ್ಪ ಇಳಿಯಿತು. "ಆಗ ಮೀಸೆ ಬಂದಿರಲಿಲ್ಲ ಭಾವ. ಈಗ ಎರಡು ಮಕ್ಕಳ ಅಪ್ಪ ನಾನು."

"ಅವನು ಹೇಳ್ತಾವ್ನಲ್ಲ, ನಂಬಬಾರ್ದಾ?" ಎಂದಳು ಮಹದೇವಮ್ಮ. "ನನ್ ತಮ್ಮ ಅಂದ್ರೆ ನಿಮಗೆ ಯಾವತ್ತೂ ಸಸಾರ."

ಒಳಗೆ ಶಿವಗಂಗಮ್ಮ ಸೊಂಟಕ್ಕೆ ಕೈಕೊಟ್ಟುಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ತುಂಬಿದ ಹೊಟ್ಟೆ ನೋಡಿ ಕೆಂಚಪ್ಪ ಕಣ್ಣು ತಿರುಗಿಸಿಕೊಂಡ. ಸುಳ್ಳು ಆಣೆ ಇಟ್ಟವನ ಪಾಪ ಅವನನ್ನು ಬಿಟ್ಟು, ಮನೆಯ ಎಳೆಯ ಕುಡಿಯನ್ನು ಮೊದಲು ಹುಡುಕುತ್ತದೆಂದು ಅವನ ತಾಯಿ ಹೇಳುತ್ತಿದ್ದಳು. ನಂಜನ ಮಾತು ನಿಜವಾದರೆ ಕರ್ಪೂರ ಆರಿಸಿ ಗೆದ್ದು ಬರಬಹುದು. ಸುಳ್ಳಾದರೆ? ತಾನು ಕಾಣದ್ದಕ್ಕೆ ದೇವರ ಮುಂದೆ ಕೈ ಚಾಚುವುದು ಹೇಗೆ? ಆರಿಸದೆ ಬಂದರೆ, ಇಷ್ಟು ವರ್ಷ ಗಳಿಸಿದ ಹೆಸರು ಬೆಟ್ಟದ ಮೇಲಿಂದ ಉರುಳಿದಂತೆ.

ಶನಿವಾರ ಎಲ್ಲರೂ ಬೆಟ್ಟ ಹತ್ತಿದರು. ಮುಂದೆ ತಿಮ್ಮಯ್ಯ, ಅವರ ಹಿಂದೆ ಏದುಸಿರು ಬಿಡುತ್ತಾ ಸುಬ್ಬರಾಮಯ್ಯ, ಮೂರು ಕಡೆ ಕೂತೆದ್ದು ಬಂದ ಅವರ ಹೆಂಡತಿ ಸುವರ್ಣಮ್ಮ. ಕೊನೆಯಲ್ಲಿ ಕೆಂಚಪ್ಪ, ನಂಜಪ್ಪ. ನಂಜಪ್ಪ ದಾರಿಯುದ್ದಕ್ಕೂ ಕೋತಿಗಳಿಗೆ ಕಡಲೆಕಾಯಿ ಎಸೆಯುತ್ತಿದ್ದ.

"ನೋಡ್ಕೋ ಭಾವ, ಆಣೆ ಆದಮ್ಯಾಲೆ ಐನೋರ ಮೀಸೆ ಕೆಳಗಾಯ್ತದೆ."

"ಸುಮ್ನೆ ಬಾರೋ" ಎಂದ ಕೆಂಚಪ್ಪ.

ಗುಡಿಯ ಮುಂದೆ ಬಾಳೆ ಎಲೆಯ ಮೇಲೆ ತುಳಸಿ ಇಟ್ಟರು. ಪಕ್ಕದ ತಟ್ಟೆಯಲ್ಲಿ ಕರ್ಪೂರ. ಶನಿವಾರದ ಭಕ್ತರು ನಾಲ್ಕು ಜನ ಏನೋ ನಡೆಯುತ್ತಿದೆಯೆಂದು ನಿಂತರು. ಸುಬ್ಬರಾಮಯ್ಯ ಶಲ್ಯ ಸರಿಮಾಡಿಕೊಂಡು, ತುಳಸಿ ಎತ್ತಿಕೊಂಡು, ಗಂಟಲು ಸರಿಪಡಿಸಿಕೊಂಡರು. "ಮೇಸ್ತ್ರಿ ಹೇಳಿದಂತೆಯೇ, ಗಾರೆ ಒಣಗಿ ಬೆಳ್ಳಗಾಗುವವರೆಗೆ ತೊಟ್ಟಿಗೆ ನೀರು ತುಂಬದೆ, ಒದ್ದೆ ಗೋಣಿ ಮಾತ್ರ ಹೊದಿಸಿ..."

"ರೀ... ನಿಲ್ಲಿಸಿ" ಎಂದರು ಹಿಂದಿನಿಂದ ಸುವರ್ಣಮ್ಮ.

"ಏನೇ ಇದು?"

"ತುಳಸಿ ಕೆಳಗಿಡಿ ಅಂದೆ. ನಿಮ್ಮ ಕೈಯಲ್ಲಿ ಸುಳ್ಳು ಹೇಳಿಸೋದು ಬೇಡ." ಆಕೆ ಸೆರಗು ಹೊದ್ದುಕೊಂಡು, ಮುಖ ಕಂಬದ ಕಡೆ ತಿರುಗಿಸಿಯೇ ಹೇಳಿದರು. "ನೀವು ಅಣ್ಣನ ಮನೆಗೆ ಹೋಗಿದ್ರಲ್ಲ, ಆಗ. ಆಷಾಢ ಬಂದುಬಿಟ್ಟರೆ ಗಂಗಾಪೂಜೆ ಮಾಡೋ ಹಾಗಿಲ್ಲ. ಜ್ಯೇಷ್ಠದ ಕೊನೆ ಶುಕ್ರವಾರ ಅದೊಂದೇ ಉಳಿದಿತ್ತು. ನೀರಿಲ್ಲದ ತೊಟ್ಟಿಗೆ ಪೂಜೆ ಮಾಡೋದು ಹ್ಯಾಗೆ? ನೀರು ಹೊರೋರನ್ನ ಕರೆಸಿ ತುಂಬಿಸಿದೆ. ಪೂಜೆ ಮುಗೀತು, ಮಾರನೇ ದಿನ ಖಾಲಿ ಮಾಡಿಸಿದೆ. ಒಂದು ದಿನ ತಾನೇ, ಏನಾಗುತ್ತೆ ಅಂದ್ಕೊಂಡೆ. ಆಮೇಲೆ ಬಾಯಿ ಬರಲಿಲ್ಲ."

ಸುಬ್ಬರಾಮಯ್ಯ ತುಳಸಿಯನ್ನು ಎಲೆಯ ಮೇಲೆ ಇಟ್ಟರು.

ತಿಮ್ಮಯ್ಯ ಗಹಗಹಿಸಿ ನಕ್ಕುಬಿಟ್ಟರು. "ತಕ್ಕಳಪ್ಪ! ಅರ್ಧ ನ್ಯಾಯ ಅಮ್ಮಾವ್ರೇ ಮಾಡಿಬಿಟ್ರು. ಕೆಂಚಪ್ಪ, ಇನ್ನೇನ್ಲಾ ನೋಡ್ತೀಯ? ಕರ್ಪೂರ ಆರ್ಸು, ಕೆಳಗಿಳ್ದು ಕಾಫಿ ಕುಡ್ಯಾನ."

ಯಾರೋ ಕರ್ಪೂರಕ್ಕೆ ಬೆಂಕಿ ತಾಗಿಸಿದರು. ಕೆಂಚಪ್ಪ ಮುಂದೆ ಬಂದ. ಅಂಗೈ ಚಾಚಿದ. ಎಲ್ಲ ಸುಲಭವಾಗಿತ್ತು ಈಗ. ತುಂಬಬಾರದ ಹೊತ್ತಿನಲ್ಲಿ ನೀರು ತುಂಬಿದ್ದರು, ಬಿರುಕಿಗೆ ಅಷ್ಟೇ ಸಾಕು. ಆದರೆ ತಾನು ಆಡಬೇಕಾದ ಮಾತು ಅದಲ್ಲವಲ್ಲ. 'ಕೆಲಸದಲ್ಲಿ ಕುಂದಿಲ್ಲ' ಎನ್ನಬೇಕು. ಉರಿಯ ಬಿಸಿ ಅಂಗೈಗೆ ತಾಗಿತು. ಬಾಣಾವರದ ಗೋಡೆ, ಟಾಕೀಸಿನ ದೀಪ, ಬಾಗಿಲಿಗೆ ಒರಗಿದ್ದ ಮಗಳು, ಎಲ್ಲ ಒಟ್ಟಿಗೇ ಕಣ್ಣಿಗೆ ಕಟ್ಟಿದವು.

"ಆರ್ಸು ಭಾವ" ಎಂದ ನಂಜಪ್ಪ ಮೆಲ್ಲಗೆ.

"ನಾ ನೋಡ್ಲಿಲ್ಲ ಕಣೋ."

"ನಾ ನೋಡಿದ್ನಲ್ಲ. ನಾ ಉಜ್ಜಿದ್ನಲ್ಲ!"

ಕೆಂಚಪ್ಪ ಕೈ ಹಿಂದಕ್ಕೆಳೆದುಕೊಂಡ. ಕರ್ಪೂರ ತನ್ನಷ್ಟಕ್ಕೆ ಉರಿದು, ತಟ್ಟೆಯಲ್ಲಿ ಕಪ್ಪು ಕಲೆ ಬಿಟ್ಟು, ಆರಿತು. ನೋಡುತ್ತಾ ನಿಂತಿದ್ದವರಲ್ಲಿ ಒಬ್ಬ, "ಓ, ಹಂಗಾದ್ರೆ ಕಳ್ಳಗೆಲಸಾನೇ" ಎಂದು ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ನಂಜಪ್ಪ ನಗಲಿಲ್ಲ. ಹೆಗಲ ಮೇಲಿನ ಟವಲು ಕೊಡವಿ, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

ಸುಬ್ಬರಾಮಯ್ಯ ದೊಡ್ಡ ಮನಸ್ಸೇ ಮಾಡಿದರು. ಸುಣ್ಣ ಮರಳು ತಮ್ಮದು, ಕೂಲಿ ಕೆಂಚಪ್ಪನದು, ಮೂಲೆ ಒಡೆದು ಮತ್ತೆ ಕಟ್ಟುವುದು, ಚಪ್ಪಡಿ ಎತ್ತಿ ಮಟ್ಟಮಾಡಿ ಹಾಸುವುದು. ಸೋಮವಾರ ಕೆಂಚಪ್ಪ ಒಬ್ಬನೇ ಉಳಿ ಸುತ್ತಿಗೆ ಹಿಡಿದು ತೊಟ್ಟಿಗೆ ಇಳಿದ. ನಂಜಪ್ಪ ಬರಲಿಲ್ಲ. ಮನೆಯಲ್ಲಿ ಮಹದೇವಮ್ಮ ಬುತ್ತಿ ಕಟ್ಟಿ, ಬಾಗಿಲಲ್ಲಿಟ್ಟು ಹಿತ್ತಿಲಿಗೆ ಹೋಗಿದ್ದಳು.

ಮೊದಲ ಪೆಟ್ಟಿಗೆ ಉಳಿ ಟಣ್ಣೆಂದು ಸಿಡಿಯಿತು. ಕೆಂಚಪ್ಪ ಜಾಗ ಬದಲಿಸಿ ಹೊಡೆದ. ಅಲ್ಲೂ ಹಾಗೇ. ಗಾರೆ ಕಲ್ಲಾಗಿತ್ತು. ಕೊನೆಗೂ ಎದ್ದ ಚಕ್ಕೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ, ಒಂದೇ ಮೈ, ನಡುವೆ ಕೈ ಎತ್ತಿದ ಗೆರೆ ಎಲ್ಲಿಯೂ ಇಲ್ಲ. ನೀರು ಹೋಗುವ ಕೊಳವೆಯ ಹಿಂದೆ, ಯಾರ ಕಣ್ಣೂ ಬೀಳದ, ಕೈಯೇ ತೂರದ ಸಂದಿಗೆ ಬೆರಳು ತೂರಿಸಿದ. ಅಲ್ಲೂ ಮೊಟ್ಟೆಯ ಓಡಿನಂತೆ ನುಣುಪು. ಬಿರುಕು ಬಿಟ್ಟದ್ದು ಇಟ್ಟಿಗೆಯ ಸಂದಿನಲ್ಲಿ. ಹಸಿಗೋಡೆಗೆ ತೊಟ್ಟಿ ತುಂಬ ನೀರಿನ ಭಾರ ಬಿದ್ದು, ಮೂಲೆ ಹೊರಕ್ಕೆ ಸರಿದು, ಅದರ ಜೊತೆಗೆ ನಂಜಪ್ಪನ ಗಾರೆಯೂ ಸೀಳಿತ್ತು. ಸೋರಿದ ನೀರು ಕೆಳಗಿನ ಮಣ್ಣು ತೊಳೆದು ಚಪ್ಪಡಿ ಕುಸಿದಿತ್ತು.

ಕೆಂಚಪ್ಪ ತೊಟ್ಟಿಯೊಳಗೆ ಹಾಗೇ ಕೂತುಬಿಟ್ಟ.

"ಏನಯ್ಯಾ, ಒಳಗೇ ನಿದ್ದೆಯೋ?" ಎಂದು ಮೇಲಿಂದ ಬಗ್ಗಿದರು ಸುಬ್ಬರಾಮಯ್ಯ.

"ನಂಜಪ್ಪನ ಕೆಲಸ ಸರ್ಯಾಗೈತೆ ಸ್ವಾಮಿ. ನನಗಿಂತ ಚೆಂದಾಗಿ ಉಜ್ಜವ್ನೆ."

"ಸರಿ ಬಿಡು, ಈಗೇನಂತೆ. ನೀರು ನಿಂತರಾಯಿತು ನಮಗೆ."

ಕೆಲಸ ಮುಗಿದ ಮೇಲೆ ಕೆಂಚಪ್ಪ ಬೇರೆಲ್ಲಿಗೂ ಹೋಗದೆ ಹಳೇಬೀಡಿನ ಬಸ್ಸು ಹತ್ತಿದ. ನಂಜಪ್ಪನ ಹೆಂಡತಿ ಬಸಮ್ಮ ಚೊಂಬಿನಲ್ಲಿ ನೀರು ತಂದಿಟ್ಟು, ಬನ್ನಿ ಎನ್ನದೆ ಒಳಗೆ ಹೋದಳು. ನಂಜಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ನಾ ತೆಪ್ಪು ಮಾಡ್ದೆ ಕಣ್ಲಾ ನಂಜ. ಒಡ್ದು ನೋಡ್ದೆ. ನಿನ್ ಕೈಯಲ್ಲಿ ಕುಂದಿರಲಿಲ್ಲ."

"ಒಡ್ದು ನೋಡಿದ್ಯಾ?" ನಂಜಪ್ಪ ಹಗ್ಗದಿಂದ ಕಣ್ಣೆತ್ತಲಿಲ್ಲ. "ಗಾರೆ ಹೇಳಿದ್ದು ನಂಬ್ದೆ. ನಾ ಹೇಳಿದ್ದು ನಂಬ್ಲಿಲ್ಲ."

"ಬಸುರಿ ಮಗಳು ಮನೇಲಿದ್ಲು. ಹೆದರಿಕೊಂಡೆ."

"ನಂಗೂ ಮಕ್ಕಳವೆ ಭಾವ. ಈಗ ಹಳೇಬೀಡ್ನಲ್ಲಿ ಒಬ್ರೂ ಕೆಲಸಕ್ಕೆ ಕರೀತಿಲ್ಲ. ಸೊಂತ ಭಾವಾನೇ ಕರ್ಪೂರ ಆರಿಸ್ಲಿಲ್ವಂತಲ್ಲ ಅಂತವ್ರೆ." ಹಗ್ಗ ಕೆಳಗಿಟ್ಟ. "ಇಲ್ಲಿ, ನನ್ ಜಗಲೀಲಿ ಕೂತು ನನ್ ಕಿವಿಗೆ ಹೇಳಿದ್ರೆ ಏನ್ ಬಂತು? ಆವತ್ತು ಇದ್ದೋರ್ನೆಲ್ಲ ಅದೇ ಬೆಟ್ಟಕ್ಕೆ ಕರ್ಕಂಬಾ. ಕರ್ಪೂರ ಆರಿಸಿ ಹೇಳು. ಆಮೇಕೆ ನಮ್ಮನೇಲಿ ನೀರು ಕುಡಿ."

ಕೆಂಚಪ್ಪ ಚೊಂಬು ಮುಟ್ಟದೆ ಎದ್ದ.

ಅರಸೀಕೆರೆಯಲ್ಲಿ ಸುಬ್ಬರಾಮಯ್ಯ ಕುರ್ಚಿಯಲ್ಲಿ ಕೂತೇ ಕೈಯಾಡಿಸಿದರು: "ಮತ್ತೆ ಆ ಬೆಟ್ಟವೇ? ನನ್ನ ಮಂಡಿ ಇನ್ನೂ ನೋಯುತ್ತಿದೆ ಕಣಯ್ಯ. ಮುಗಿದದ್ದನ್ನು ಯಾಕೆ ಕೆದಕುತ್ತೀಯ?" ಸುವರ್ಣಮ್ಮ ಮಾತ್ರ ಒಳಗಿನಿಂದಲೇ, "ನಾನು ಬರ್ತೀನಿ ಕೆಂಚಪ್ಪ. ನನ್ನಿಂದಾದದ್ದು" ಎಂದರು. ಗಂಡ ತಿರುಗಿ ನೋಡಿದರು, ಆಕೆ ಅಡುಗೆಮನೆಗೆ ಸರಿದರು.

ಅಲ್ಲಿಂದ ತಿಮ್ಮಯ್ಯನವರ ಮನೆ. ತಿಮ್ಮಯ್ಯ ಎಲ್ಲ ಕೇಳಿ, ತಟ್ಟೆಯಿಂದ ಅಡಿಕೆ ಆರಿಸುತ್ತಾ ನಕ್ಕರು.

"ನ್ಯಾಯ ಮುಗೀತಲ್ಲೋ. ತೊಟ್ಟೀಲಿ ನೀರು ನಿಂತೈತೆ. ಭಾವಮೈದನ ಮುನಿಸಿಗೆಲ್ಲ ಪಂಚಾಯ್ತಿ ಸೇರಿಸ್ತಾರೇನ್ಲಾ?"

"ಅವನು ಟಾಕೀಸಿಗೆ ಹೋಗಿದ್ದ ಅಂತ ನನ್ ಕಿವಿಗೆ ಹಾಕಿದ್ದು ನೀವು ಗೌಡ್ರೆ."

ತಿಮ್ಮಯ್ಯನ ಕೈ ಅಡಿಕೆಯ ಮೇಲೆ ನಿಂತಿತು. "ಕೇಳಿದ್ದು ಹೇಳ್ದೆ ಕಣಪ್ಪ."

"ನಾನೂ ಹಂಗೇ, ಕೇಳಿದ್ದು ನಂಬ್ದೆ."

ತಿಮ್ಮಯ್ಯ ಎದ್ದು ಒಳಗೆ ಹೋದರು. ಬಾಗಿಲು ಅರ್ಧ ಮುಚ್ಚಿತು. ಕೆಂಚಪ್ಪ ಟವಲು ಹಾಸಿ ಅವರ ಜಗಲಿಯ ಕಂಬಕ್ಕೆ ಒರಗಿ ಕೂತ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿ ಹೋದರು. ಬಿಸಿಲು ಜಗಲಿ ಇಳಿಯಿತು. ಹಾರನಹಳ್ಳಿಯ ಬಸ್ಸು ಹಾರನ್ ಹೊಡೆದುಕೊಂಡು ಹೊರಟುಹೋಯಿತು.

"ಇನ್ನೂ ಇದ್ದೀಯೇನ್ಲಾ?" ಎಂದಿತು ಒಳಗಿನಿಂದ ತಿಮ್ಮಯ್ಯನ ದನಿ.

"ಇವ್ನಿ."

"ಮನೆಗೆ ಹೋಗಾಕಿಲ್ವಾ?"

"ನೀವು ಬೆಟ್ಟಕ್ಕೆ ಬತ್ತೀನಿ ಅನ್ನೋಗಂಟ ಇಲ್ಲ ಗೌಡ್ರೆ" ಎಂದ ಕೆಂಚಪ್ಪ, ಬೀದಿಯ ಕಡೆ ನೋಡುತ್ತಲೇ.